ಹಳ್ಳದಲ್ಲಿ ಸದ್ದಿಲ್ಲ

ಮಳೆ ಹಿಡಿದು ವಾರವಾಯ್ತು, ಉತ್ತರ ಕನ್ನಡದ ಸಿದ್ದಾಪುರದ ನಮ್ಮ ತೋಟದ ಕೆಳಗಿನ ಹಳ್ಳ ಮಾತ್ರ ರಾತ್ರಿ ಕಪ್ಪೆ ಕೂಗಿಲ್ಲದೆ ಸುಮ್ನೆ ಇದೆ. ಬೇಸಿಗೆಯಲ್ಲಿ ಜೆಸಿಬಿ ತಂದು ಅದನ್ನು ನೇರ ಮಾಡಿಸಿದ್ದು ನಾವೇ. ದಡದ ಮರಗಳೂ ಹೋದವು. "ಕಪ್ಪೆ ಎಲ್ಲಿ ಹೋಗ್ತವೆ, ಬರ್ತವೆ ಬಿಡು" ಅಂತಾರೆ ಅಪ್ಪ. ಗದ್ದೆ ಕಪ್ಪೆಗಳೇನೋ ಬಂದಾವು. ಕುಂಬಾರ ಕಪ್ಪೆ ಹಾಗಲ್ಲ. ನಮ್ಮದೇ ತಾಲೂಕಿನ ಕತ್ತಲೆಕಾನು ಕಾಡಿನ ಕಪ್ಪೆ ಅದು, ಹೆಸರು ಬಿದ್ದಿದ್ದು 2014ರಲ್ಲಿ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಹಳ್ಳದ ಕೆಸರನ್ನು ಮುಂಗಾಲಲ್ಲಿ ಬಾಚಿಕೊಂಡು, ಮೊಟ್ಟೆಗಳಿಗೆ ಮೆತ್ತುತ್ತದೆ, ಥೇಟ್ ಮಡಕೆ ಮಾಡುವವರ ಹಾಗೆ. ಅದಕ್ಕೆ ಹರಿಯುವ ನೀರು, ನೆರಳು, ಹಸಿ ಕೆಸರು ಎಲ್ಲ ಒಂದೇ ಕಡೆ ಬೇಕು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ ಅಲ್ವಾ, ಚರ್ಮ ಒಣಗಿದರೆ ಕಥೆ ಮುಗೀತು. ಬೇರೆ ಹಳ್ಳ ಹುಡುಕಿಕೊಂಡು ಹೋಗೋಕೆ ಅದೇನು ಹಕ್ಕಿಯಾ? 2023ರ ಜಾಗತಿಕ ಲೆಕ್ಕದ ಪ್ರಕಾರ ಕಪ್ಪೆ, ಸಲಮಾಂಡರ್‌ ಥರದ ಉಭಯಚರ ಜಾತಿಗಳಲ್ಲಿ ನೂರಕ್ಕೆ 41 ಅಳಿವಿನ ಅಪಾಯದಲ್ಲಿವೆ. ಆಗ ಓದಿ ಮರೆತಿದ್ದೆ.

ನಿನ್ನೆ ರಾತ್ರಿ ಟಾರ್ಚ್ ಹಿಡಿದು ಹಳ್ಳದುದ್ದಕ್ಕೂ ನಡೆದೆ. ಕಂಡಿದ್ದು ಎರಡು ಏಡಿ, ಕಾಲಿಗೆ ಐದು ಉಂಬಳ.