ಗ್ಯಾಸೋ, ಹಾರ್ಟೋ

2025 ಜುಲೈ 9, ಬುಧವಾರ. ಹಾಸನ. ಹೊರಗೆ ಜಡಿಮಳೆ.

ಸ್ನಾನಕ್ಕೆ ಹೋದಾಗ ನೋಡುತ್ತೇನೆ, ಪಕ್ಕೆಯಲ್ಲಿ ಇಸಿಜಿಯ ಸ್ಟಿಕ್ಕರ್ ಒಂದು ಅಂಟಿಕೊಂಡೇ ಇತ್ತು. ಕಿತ್ತರೆ ಚುರ್ ಅಂತು. ರಾತ್ರಿ ನಡೆದದ್ದಕ್ಕೆ ಅದೊಂದೇ ಸಾಕ್ಷಿ. ಬಿಲ್ಲೂ ಇದೆ, ಅದರ ಮಾತು ಬೇಡ.

ಎರಡು ಗಂಟೆಗೆ ಎಚ್ಚರವಾಗಿತ್ತು. ಎದೆಮೂಳೆಯ ಹಿಂದೆ ಬಿಸಿ ಮುದ್ದೆ ಸಿಕ್ಕಿಕೊಂಡ ಹಾಗೆ. ಎದ್ದು ಕೂತರೆ ಸ್ವಲ್ಪ ಕಡಿಮೆ, ಮಲಗಿದರೆ ಮತ್ತೆ ಜಾಸ್ತಿ. ಬೇರೆ ಊರಲ್ಲಿದ್ದಿದ್ದರೆ ನೀರು ಕುಡಿದು ಮಗ್ಗುಲು ಬದಲಿಸುತ್ತಿದ್ದೆನೇನೋ. ಹಾಸನದಲ್ಲಿ ಈಗ ಎದೆನೋವು ಅಂದರೆ ಒಂದೇ ಅರ್ಥ. 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹಾರ್ಟ್ ಅಟ್ಯಾಕಿಗೆ ಹೋದರು ಅಂತ ಟಿವಿಯವರು ಕ್ರಿಕೆಟ್ ಸ್ಕೋರಿನ ಹಾಗೆ ಹೇಳುತ್ತಿದ್ದಾರೆ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ನಮ್ಮೂರಿನವರದ್ದೇ ಸಾಲಂತೆ. ನನಗೆ 43. ಇವರನ್ನು ಎಬ್ಬಿಸಲು ನಾಚಿಕೆ. ಗ್ಯಾಸು ಅಂತ ಆದರೆ ಆರು ತಿಂಗಳು ತಮಾಷೆ ಮಾಡುತ್ತಾರೆ.

ಅಡುಗೆಮನೆಯಲ್ಲಿ ಕತ್ತಲಲ್ಲೇ ಜೀರಿಗೆ ಡಬ್ಬ ಹುಡುಕುತ್ತಿದ್ದೆ. ಲೈಟು ಹತ್ತಿತು. ಅತ್ತೆ.

"ಎದೇನಾ?" ಅಂದರು.

"ಗ್ಯಾಸು ಅನ್ಸುತ್ತೆ ಅತ್ತೆ. ನೀವು ಮಲಗಿ."

ಸಣ್ಣ ನೆಗಡಿಗೂ ಕಷಾಯ, ಜ್ವರಕ್ಕೂ ಕಷಾಯ ಅನ್ನುವ ನಮ್ಮ ಅತ್ತೆ ನನ್ನ ಕೈಯಿಂದ ಡಬ್ಬ ಕಿತ್ತುಕೊಂಡು ಮುಚ್ಚಳ ಹಾಕಿದರು. "ನಿಮ್ಮ ಮಾವನೂ ಹಿಂಗೇ ಅಂದ್ರು. ಗ್ಯಾಸು ಅಂತ ಸೋಡಾ ಕುಡಿದ್ರು. ಎದ್ದು ಸೀರೆ ಉಟ್ಕೋ ಹೋಗು."

ಸೀರೆ ಉಡಲಿಲ್ಲ, ನೈಟಿ ಮೇಲೆ ಸ್ವೆಟರ್. ಬಿ.ಎಂ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಇಸಿಜಿ ಸರಿ ಇತ್ತು. ರಕ್ತ ಪರೀಕ್ಷೆ ಎರಡು ಸಲ, ನಡುವೆ ಕೆಲವು ಗಂಟೆ ಬಿಟ್ಟು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದ್ದರೆ ರಕ್ತದಲ್ಲಿ ಟ್ರೋಪೋನಿನ್ ಅನ್ನುವ ಪ್ರೋಟೀನು ಏರುತ್ತದಂತೆ, ಆದರೆ ಏರೋದಕ್ಕೆ ಸ್ವಲ್ಪ ಹೊತ್ತು ಬೇಕು. ಅದಕ್ಕೇ ಎರಡು ಸಲ. ಎರಡೂ ಸರಿ.

ಡ್ಯೂಟಿ ಡಾಕ್ಟರು ನನ್ನ ತಂಗಿಗಿಂತ ಚಿಕ್ಕ ಹುಡುಗಿ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಮೆಟ್ಟಿಲು ಹತ್ತಿದಾಗ ನೋವು ಬರುತ್ತಾ? ಇಲ್ಲ. ಬಗ್ಗಿ ನೆಲ ಒರೆಸಿದಾಗ? ಬರುತ್ತೆ. ಗಂಟಲಿಗೆ ಹುಳಿನೀರು? ಒಂದು ತಿಂಗಳಿಂದ. ರಾತ್ರಿ ಏನು ತಿಂದ್ರಿ?

ಇಲ್ಲಿ ಇವರು ಕಿಟಕಿ ಕಡೆ ನೋಡಿದರು. ಹತ್ತೂವರೆಗೆ ಮೆಣಸಿನಕಾಯಿ ಬಜ್ಜಿ, ಮೇಲೆ ಕಾಫಿ, ಹನ್ನೊಂದಕ್ಕೆ ಹಾಸಿಗೆ. ಬಜ್ಜಿ ತಂದವರು ಇವರೇ.

"ಹೊಟ್ಟೆಯ ಮೇಲ್ಬಾಯಲ್ಲಿ ಒಂದು ಬಿಗಿ ಇರುತ್ತೆ ಮೇಡಂ, ಚೀಲದ ಲಾಡಿ ಥರ. ಅದು ಸಡಿಲ ಆದ್ರೆ ಆಸಿಡ್ ಮೇಲೆ ಬರುತ್ತೆ. ಹೊಟ್ಟೆ ಅದನ್ನ ತಡ್ಕೊಳುತ್ತೆ, ಅನ್ನನಾಳ ತಡ್ಕೊಳಲ್ಲ. ಅದರ ನೋವು, ಹೃದಯದ ನೋವು ಹೆಚ್ಚುಕಡಿಮೆ ಒಂದೇ ನರಗಳ ದಾರೀಲಿ ಹೋಗೋದು. ಮಿದುಳಿಗೇ ಗೊತ್ತಾಗಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು?"

ಸುಮ್ನೆ ಬಂದು ತೊಂದರೆ ಕೊಟ್ಟೆ ಅಂದೆ. ಅವಳಿಗೆ ಸಿಟ್ಟು ಬಂತು. ಬಂದದ್ದೇ ಸರಿ ಅಂದಳು. ಎಡಗೈಗೋ ದವಡೆಗೋ ಇಳಿಯುವ ನೋವು, ತಣ್ಣಗೆ ಬೆವರು, ಏದುಸಿರು, ನಡೆದರೆ ಹೆಚ್ಚಾಗುವ ಭಾರ, ಇದ್ಯಾವುದಾದರೂ ಬಂದರೆ ಜೀರಿಗೆ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಆಗಿ ಹಾರ್ಟ್ ಅಟ್ಯಾಕ್ ಬರಬಹುದು. ಇನ್ನೊಂದು ಮಾತು ಎರಡು ಸಲ ಹೇಳಿದಳು: ಗ್ಯಾಸಿನ ಔಷಧಿ ಕುಡಿದ ಮೇಲೆ ನೋವು ಇಳಿಯಿತು ಅಂದ ಮಾತ್ರಕ್ಕೆ ಅದು ಹೃದಯದ್ದಲ್ಲ ಅಂತ ಅಲ್ಲ.

ಆಸಿಡ್ ಕಡಿಮೆ ಮಾಡುವ ಮಾತ್ರೆ, ಪ್ಯಾಂಟೊಪ್ರಜೋಲ್ ಬರೆದುಕೊಟ್ಟಿದ್ದಾಳೆ. ಬೆಳಗ್ಗೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮುಂಚೆ. ನಾನು ಇಷ್ಟು ದಿನ ಉರಿ ಬಂದಾಗ, ಊಟ ಆದ ಮೇಲೆ ನುಂಗುತ್ತಿದ್ದೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಬಿಡಬೇಕು. ಎಡಮಗ್ಗುಲಿಗೆ ಮಲಗಬೇಕು. ಎರಡು ದಿಂಬು ಇಟ್ಟುಕೊಂಡರೆ ಕತ್ತು ಬಾಗಿ ಹೊಟ್ಟೆ ಅದುಮುತ್ತದೆ ಅಷ್ಟೇ, ಮಂಚದ ತಲೆಯ ಕಡೆಯನ್ನೇ ಆರರಿಂದ ಎಂಟು ಇಂಚು ಎತ್ತರಿಸಬೇಕು. ಕಾಫಿ ಕಡಿಮೆ ಮಾಡಿ ನೋಡಿ ಅಂದಳು. ನಮ್ಮ ತವರು ಸಕಲೇಶಪುರದ ಕಡೆ ಅನ್ನುವುದು ಪಾಪ ಅವಳಿಗೇನು ಗೊತ್ತು. ಬೆಳಗ್ಗೆ ಒಂದು ಲೋಟಕ್ಕೆ ಒಪ್ಪಿಕೊಂಡಿದ್ದೇನೆ. ಲೋಟ ಎಷ್ಟು ದೊಡ್ಡದು ಅಂತ ಕೇಳಲಿಲ್ಲ.

ಸಂಜೆ ಇವರು ಹಿತ್ತಲಿನ ತುಳಸಿಕಟ್ಟೆ ಹಿಂದೆ ಉಳಿದಿದ್ದ ಇಟ್ಟಿಗೆ ತಂದರು. ಪಾಚಿ ಕಟ್ಟಿ ಜಾರುತ್ತಿತ್ತು. ಹಳೇ ಪೇಪರಿನಲ್ಲಿ ಸುತ್ತಿ ಮಂಚದ ಕಾಲಿನ ಕೆಳಗೆ ಎರಡೆರಡು ಇಟ್ಟರು. ಮಲಗಿ ನೋಡಿದೆವು. ಇಬ್ಬರೂ ನಿಧಾನವಾಗಿ ಕಾಲ ಕಡೆ ಜಾರುತ್ತಿದ್ದೇವೆ. ಮಗಳು ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು.

ಅತ್ತೆ ನಗಲಿಲ್ಲ. ಏಳೂವರೆಗೇ ಊಟ ಬಡಿಸಿದರು, ನನಗೆ ಖಾರ ಕಡಿಮೆ ಹಾಕಿದ ಸಾರು ಬೇರೆ. ತಟ್ಟೆ ಎತ್ತುವಾಗ ಮೆಲ್ಲಗೆ ಕೇಳಿದರು.

"ಆ ಡಾಕ್ಟರು ಏನಂದ್ಲು, ಎದ್ದು ಕೂತ್ರೆ ಕಡಿಮೆ ಆಗುತ್ತೆ ಅಂದ್ರೆ ಗ್ಯಾಸಿಂದಾ?"

"ಸಾಮಾನ್ಯವಾಗಿ ಹೌದಂತೆ ಅತ್ತೆ. ಅದೊಂದನ್ನೇ ನಂಬಬಾರದಂತೆ."

"ನಿಮ್ಮ ಮಾವ ಅವತ್ತು ಕೂತೇ ಇದ್ರು. ಬೆವರ್ತಾ ಇದ್ರು. ಫ್ಯಾನು ಜೋರು ಮಾಡು ಅಂದ್ರು, ನಾನು ಹೋಗಿ ಫ್ಯಾನು..."

ಮಾತ್ರೆಯ ಪಟ್ಟಿ ಕೈಯಲ್ಲೇ ಇತ್ತು. ಅವರು ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು, ಒಂದೇ ತಟ್ಟೆ, ಬಹಳ ಹೊತ್ತು. ಹೋಗಿ ಪಕ್ಕದಲ್ಲಿ ನಿಂತೆ. ಏನಾದರೂ ಹೇಳಬೇಕಿತ್ತು...