ಮೂರು ಊರು, ಒಂದು ಬಿಡ್

31 ಆಗಸ್ಟ್ 2025, ಭಾನುವಾರ
ತುಮಕೂರು

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ನಮಗೆ ಬೇಕು ಅಂತ ಬಿಡ್ ಕೊಡೋಕೆ ಇವತ್ತೇ ಕಡೇ ದಿನ. ಮೊನ್ನೆ ಬುಧವಾರ, ಎಲ್ಲರ ಮನೇಲೂ ಗಣೇಶನನ್ನ ಕೂರಿಸೋ ಗಡಿಬಿಡಿ ಇರುವಾಗಲೇ, ಕೇಂದ್ರ ಸಂಪುಟ ಅಹಮದಾಬಾದ್ ಹೆಸರಿಗೆ ಒಪ್ಪಿಗೆ ಕೊಟ್ಟಿತು. ಅತ್ತ ಕಡೆ ನೈಜೀರಿಯಾದ ಅಬುಜಾ ಕೂಡ ಕೇಳ್ತಿದೆ. ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ತೀರ್ಮಾನ. ನಮಗೇ ಸಿಗಲಿ ಅಂತ ನನಗೆ ತುಂಬಾ ಆಸೆ ಇದೆ. ದೇಶಕ್ಕೆ ಒಂದು ದೊಡ್ಡ ಕೂಟ ಬಂದರೆ ನಾವು ಬರೀತಿರೋ ಸಣ್ಣ ಫೈಲಿಗೂ ಬಲ ಬರುತ್ತೆ.

ಆ ಫೈಲ್ ಏನು ಅಂತ ಇಲ್ಲಿ ಸರಿಯಾಗಿ ಬರೆದೇ ಇರಲಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೆಲವು ಪಿ.ಟಿ. ಮೇಷ್ಟ್ರುಗಳು, ಕೋಚ್‌ಗಳು, ಹಳೇ ಆಟಗಾರರು ಸೇರಿ ಒಂದು ಟಿಪ್ಪಣಿ ತಯಾರು ಮಾಡ್ತಿದ್ದೇವೆ. ಕೇಳ್ತಿರೋದು ದೊಡ್ಡ ಕಾಮನ್‌ವೆಲ್ತ್ ಅಲ್ಲ, ಕಾಮನ್‌ವೆಲ್ತ್ ಯೂತ್ ಗೇಮ್ಸ್. 14ರಿಂದ 18 ವರ್ಷದ ಮಕ್ಕಳ ಕೂಟ. 2023ರಲ್ಲಿ ಟ್ರಿನಿಡಾಡ್ ಮತ್ತು ಟೊಬ್ಯಾಗೊದಲ್ಲಿ ಆಯ್ತು, 2027ರದ್ದು ಮಾಲ್ಟಾಕ್ಕೆ ಹೋಗಿದೆ. ಅದರ ಮುಂದಿನದ್ದರ ಮೇಲೆ ನಮ್ಮ ಕಣ್ಣು. ಜಿಲ್ಲೆಯವರು ನೇರವಾಗಿ ಬಿಡ್ ಹಾಕೋಕಾಗಲ್ಲ. ದೇಶದ ಪರವಾಗಿ ಭಾರತೀಯ ಒಲಿಂಪಿಕ್ ಸಂಸ್ಥೆ ಹಾಕಬೇಕು, ಹಿಂದೆ ಸರ್ಕಾರ ಗ್ಯಾರಂಟಿ ನಿಲ್ಲಬೇಕು. ನಾವು ಮಾಡಬಹುದಾದದ್ದು ಅದಕ್ಕೂ ಮುಂಚಿನ ಕೆಲಸ. ರಾಜ್ಯದವರು ಮನಸ್ಸು ಮಾಡಿದ ದಿನ ಕೈಗೆ ಕೊಡೋಕೆ ಒಂದು ಪ್ರಾಮಾಣಿಕ ಲೆಕ್ಕ ರೆಡಿ ಇರಬೇಕು, ಅಷ್ಟೇ.

ಇಷ್ಟು ಸಣ್ಣ ಊರುಗಳಿಗೆ ಇದೆಲ್ಲ ಯಾಕೆ ಅಂತ ಕೇಳೋರಿಗೆ ನಾನು ಬೆಂಡಿಗೊ ಹೆಸರು ಹೇಳ್ತೀನಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಚಿನ್ನದ ಗಣಿಯಿಂದ ಬೆಳೆದ ಊರು ಅದು. ತುಮಕೂರಿಗಿಂತ ಚಿಕ್ಕದು. 2004ರಲ್ಲಿ ಇದೇ ಯೂತ್ ಗೇಮ್ಸ್ ಮಾಡಿ ಮುಗಿಸಿತು. 2011ರಲ್ಲಿ ಐಲ್ ಆಫ್ ಮ್ಯಾನ್ ಮಾಡಿತು, ಅಲ್ಲಿನ ಒಟ್ಟು ಜನಸಂಖ್ಯೆ ಒಂದು ಲಕ್ಷವೂ ಇಲ್ಲ. ನಮ್ಮ ದೇಶದಲ್ಲೂ 2008ರಲ್ಲಿ ಪುಣೆಯಲ್ಲಿ ನಡೆದಿದೆ, ಒಂಬತ್ತು ಕ್ರೀಡೆ. ಪುಣೆಯವರು ಆಗ ಎಲ್ಲವನ್ನೂ ಸೊನ್ನೆಯಿಂದ ಕಟ್ಟಲಿಲ್ಲ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಂತ ಬಾಲೇವಾಡಿಯಲ್ಲಿ ಕಟ್ಟಿದ್ದು ಕೈಗೆ ಬಂತು.

ಅದೇ ವಿಕ್ಟೋರಿಯಾದ ಇನ್ನೊಂದು ಕಥೆಯೂ ಫೈಲಿನಲ್ಲಿ ಇರಲೇಬೇಕು ಅಂತ ನಾನು ಹಟ ಹಿಡಿದೆ. 2026ರ ದೊಡ್ಡ ಕೂಟವನ್ನು ರಾಜಧಾನಿ ಮೆಲ್ಬರ್ನ್ ಬಿಟ್ಟು ಸಣ್ಣ ಊರುಗಳಲ್ಲಿ ಮಾಡ್ತೀವಿ ಅಂತ 2022ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡರು. ಜೀಲಾಂಗ್, ಬ್ಯಾಲರಾಟ್, ಬೆಂಡಿಗೊ, ಗಿಪ್ಸ್‌ಲ್ಯಾಂಡ್. ಕೇಳೋಕೆ ಎಷ್ಟು ಚೆಂದ ಅಲ್ವಾ? ಮೊದಲ ಅಂದಾಜು 260 ಕೋಟಿ ಆಸ್ಟ್ರೇಲಿಯನ್ ಡಾಲರ್. ಒಂದೂಕಾಲು ವರ್ಷದೊಳಗೆ ಅದು 600ರಿಂದ 700 ಕೋಟಿ ಆಗುತ್ತೆ ಅಂತ ಹೇಳಿ 2023ರ ಜುಲೈನಲ್ಲಿ ಕೈಬಿಟ್ಟರು. ಒಪ್ಪಂದ ಮುರಿದದ್ದಕ್ಕೆ 38 ಕೋಟಿ ಡಾಲರ್ ಪರಿಹಾರ ಕೊಟ್ಟರು. ಮುಂದಿನ ವರ್ಷ ಅಲ್ಲಿನ ಆಡಿಟರ್ ಜನರಲ್ ಲೆಕ್ಕ ಹಾಕಿ, ನಡೆಯದ ಕೂಟಕ್ಕೆ ಒಟ್ಟು 58.9 ಕೋಟಿ ಡಾಲರ್‌ಗೂ ಮೇಲೆ ಖರ್ಚಾಗಿದೆ ಅಂದರು. 700 ಕೋಟಿ ಅನ್ನೋ ಅಂದಾಜೇ ಉಬ್ಬಿಸಿದ್ದು ಅಂತಲೂ ಅದೇ ವರದಿ ಹೇಳ್ತು. ಕೊನೆಗೆ ಗ್ಲಾಸ್ಗೋ ಅದನ್ನು ಹತ್ತೇ ಕ್ರೀಡೆ, ನಾಲ್ಕೇ ಜಾಗ ಅಂತ ಇಳಿಸಿಕೊಂಡು ವಹಿಸಿಕೊಂಡಿದೆ. ಹಾಕಿ, ಬ್ಯಾಡ್ಮಿಂಟನ್, ಕುಸ್ತಿ, ಶೂಟಿಂಗ್ ಎಲ್ಲ ಹೊರಗೆ. ನಮ್ಮ ದೇಶಕ್ಕೆ ಪದಕ ತರೋ ಆಟಗಳೇ ಹೋದವು, ಅದು ನನಗೆ ಈಗಲೂ ಸಂಕಟ.

ಅಲ್ಲಿ ಕೆಟ್ಟದ್ದು ಸಣ್ಣ ಊರು ಅನ್ನೋ ಕಾರಣಕ್ಕಲ್ಲ, ಅದನ್ನು ಬಿಡಿಸಿ ಹೇಳಬೇಕು. ಊರು ಹೆಚ್ಚಾದ ಹಾಗೆ ಎಲ್ಲವೂ ಹೆಚ್ಚಾಗುತ್ತೆ. ಪ್ರತಿ ಊರಲ್ಲೂ ಆಟಗಾರರು ಉಳಿಯೋಕೆ ಒಂದು ಕ್ರೀಡಾಗ್ರಾಮ, ಒಂದು ಅಡುಗೆಮನೆ, ಡಾಕ್ಟರ್‌ಗಳ ತಂಡ, ಪೊಲೀಸ್ ಬಂದೋಬಸ್ತು, ಬಸ್ಸುಗಳ ಸಾಲು. ಮದುವೆಯನ್ನು ಒಂದು ಛತ್ರದಲ್ಲಿ ಮಾಡೋದಕ್ಕೂ ನಾಲ್ಕು ಛತ್ರದಲ್ಲಿ ಹಂಚಿ ಮಾಡೋದಕ್ಕೂ ಇರೋ ವ್ಯತ್ಯಾಸ ಅದು. ಹಾಗಾಗಿ ಮೂರು ಊರಿಗೆ ಒಂದೇ ಕ್ರೀಡಾಗ್ರಾಮ ಅಂತ ನಾನು ಮೊದಲಿಂದಲೂ ಹೇಳ್ತಾ ಬಂದಿದ್ದೇನೆ.

ಎಲ್ಲಿ ಅಂತ ಕೇಳಿದಾಗ ಜಗಳ ಶುರು.

ಬೆಳಗ್ಗೆ ನಮ್ಮ ನಿವೃತ್ತ ಪಿ.ಟಿ. ಮೇಷ್ಟ್ರ ಮನೆಯ ಹಾಲ್‌ನಲ್ಲಿ ಮ್ಯಾಪ್ ಹಾಸಿಕೊಂಡು ಕೂತಿದ್ದೆವು. ಮ್ಯಾಪ್ ನೋಡಿದರೆ ಮೂರೂ ಊರು ಬೆಂಗಳೂರಿನ ಸುತ್ತ ಬೇರೆ ಬೇರೆ ಹೆದ್ದಾರಿಯ ತುದಿಯಲ್ಲಿವೆ. ನಮ್ಮದು 48, ಚಿಕ್ಕಬಳ್ಳಾಪುರದ್ದು 44, ಕೋಲಾರದ್ದು 75. ಬೆಂಗಳೂರಿನೊಳಗೆ ಬಸ್ ನುಗ್ಗಿದರೆ ಕೆಲಸ ಕೆಟ್ಟಿತು. ಆದರೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕೂಡಿಸೋ ರಸ್ತೆ ಇದೆಯಲ್ಲ, ಅದು ಮೂರನ್ನೂ ಹೊರಗಿನಿಂದಲೇ ಹೊಲಿದು ಬಿಡುತ್ತೆ. ವಿಮಾನ ನಿಲ್ದಾಣ ಬೇರೆ ಅದೇ ದಾರಿಯ ಪಕ್ಕದಲ್ಲಿದೆ. ಆಡೋ ಮಕ್ಕಳನ್ನ ಒಂದು ಗಂಟೆಗಿಂತ ಜಾಸ್ತಿ ಬಸ್ಸಲ್ಲಿ ಕೂರಿಸಬಾರದು ಅಂತ ನಾವೇ ಒಂದು ಮಿತಿ ಹಾಕಿಕೊಂಡಿದ್ದೇವೆ. ಗ್ರಾಮ ದೊಡ್ಡಬಳ್ಳಾಪುರದ ಹತ್ತಿರ ಇಟ್ಟರೆ ತುಮಕೂರು ಹೆಚ್ಚು ಕಮ್ಮಿ ಒಂದು ಗಂಟೆ, ಚಿಕ್ಕಬಳ್ಳಾಪುರ ಅದರೊಳಗೇ, ಕೋಲಾರ ಮಾತ್ರ ಹೊರಗೆ. ಪೂರ್ವಕ್ಕೆ ಸರಿಸಿದರೆ ಕೋಲಾರ ಒಳಗೆ ಬರುತ್ತೆ, ತುಮಕೂರು ಹೊರಗೆ ಬೀಳುತ್ತೆ.

ಕೋಲಾರದಿಂದ ಬಂದಿದ್ದ ಕೋಚ್ ಮುಖ ಸಣ್ಣದಾಯ್ತು. "ಏನ್ ಮೇಡಂ, ಹೆಸರಿಗೆ ಮೂರು ಜಿಲ್ಲೆ ಅಂತೀರಾ, ಕೊನೆಗೆ ನಮ್ಮೂರಿಗೆ ಏನ್ ಮಿಕ್ತು? ಕೆನೆತ್ ಪಾವೆಲ್ ಹುಟ್ಟಿದ ಊರು ಸ್ವಾಮಿ ಅದು" ಅಂದರು. ಅವರ ಮಾತಲ್ಲಿ ನ್ಯಾಯ ಇತ್ತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದ, 1965ರಲ್ಲೇ ಅರ್ಜುನ ಪ್ರಶಸ್ತಿ ಪಡೆದ ಓಟಗಾರ ಕೋಲಾರದವರು ಅಂತ ಇವತ್ತಿನ ಎಷ್ಟು ಮಕ್ಕಳಿಗೆ ಗೊತ್ತು? ಮೇಷ್ಟ್ರು "ಇರು ಕಣಪ್ಪಾ, ಇನ್ನೂ ಪಟ್ಟಿ ಮುಗಿದಿಲ್ಲ" ಅಂತ ಕಾಫಿ ಕೊಟ್ಟು ಸಮಾಧಾನ ಮಾಡಿದರು.

ದಾರಿ ಹೊಳೆದದ್ದು ವೇಟ್‌ಲಿಫ್ಟಿಂಗ್‌ನಿಂದ. ಓಟಗಾರ್ತಿ ಹೀಟ್ಸ್, ಸೆಮಿ, ಫೈನಲ್ ಅಂತ ಮತ್ತೆ ಮತ್ತೆ ಬರಬೇಕು. ವೇಟ್‌ಲಿಫ್ಟರ್‌ಗೆ ಸ್ಪರ್ಧೆ ಒಂದೇ ದಿನ. ಸ್ನ್ಯಾಚ್‌ನಲ್ಲಿ (ಒಂದೇ ಸಲಕ್ಕೆ ತಲೆ ಮೇಲೆ ಎತ್ತೋದು) ಮೂರು ಅವಕಾಶ, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲೆ) ಮೂರು, ಮುಗೀತು. ಅಭ್ಯಾಸದ ಹಾಲ್ ಗ್ರಾಮದಲ್ಲೇ ಇರಲಿ. ಸ್ಪರ್ಧೆಯ ಹಿಂದಿನ ದಿನ ಕೋಲಾರಕ್ಕೆ ಹೋಗಿ ಹೋಟೆಲ್‌ನಲ್ಲಿ ಉಳಿದು, ಬೆಳಗ್ಗೆ ತೂಕ ಕೊಟ್ಟು, ಎತ್ತಿ, ವಾಪಸ್ ಬರಬಹುದು. ವೇದಿಕೆ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಅದಕ್ಕೆ ಹೊಸ ಸ್ಟೇಡಿಯಂ ಬೇಡ, ಗಟ್ಟಿ ನೆಲದ ಒಳ್ಳೆ ಹಾಲ್ ಸಾಕು. ಆಮೇಲೆ ಆ ಬಾರ್‌ಬೆಲ್, ಪ್ಲೇಟ್‌ಗಳೆಲ್ಲ ಕೋಲಾರ, ಕೆ.ಜಿ.ಎಫ್. ಮಕ್ಕಳಿಗೇ ಉಳಿಯುತ್ತೆ. ಕುಂದಾಪುರದ ಕಡೆಯ ಲಾರಿ ಡ್ರೈವರ್ ಮಗ ಗುರುರಾಜ ಪೂಜಾರಿ ಕಾಮನ್‌ವೆಲ್ತ್ ಕೂಟದಲ್ಲಿ 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದ ಕ್ರೀಡೆ ಇದು. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆ.ಜಿ.ಎಫ್.ಗೆ ಹೊಸದಾಗಿ ಏನು ಕೊಟ್ಟಿದ್ದೇವೆ ಹೇಳಿ. ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು "ಬಾಕ್ಸಿಂಗೂ ಸೇರಿಸಿ" ಅಂದರು. ಬಾಕ್ಸಿಂಗ್‌ಗೆ ಮತ್ತೆ ಮತ್ತೆ ಬರಬೇಕಾಗುತ್ತೆ, ಆಗಲ್ಲ ಅಂದೆ. ಇನ್ನೂ ಒಪ್ಪಿಲ್ಲ ಅವರು.

ಚಿಕ್ಕಬಳ್ಳಾಪುರದ್ದು ಸುಲಭ. ನಂದಿ ಬೆಟ್ಟದ ರಸ್ತೆಗೆ ಸೈಕಲ್ ಹುಡುಗರು ಹೇಗೂ ಬೆಳಗಾಗೋ ಮುಂಚೆ ಬಂದಿರ್ತಾರೆ. ರೋಡ್ ಸೈಕ್ಲಿಂಗ್ ಅಲ್ಲಿಗೇ.

ತುಮಕೂರಿಗೆ ಅಥ್ಲೆಟಿಕ್ಸ್. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾದ ಮಹಾತ್ಮ ಗಾಂಧಿ ಕ್ರೀಡಾಂಗಣ ನಮ್ಮ ದೊಡ್ಡ ಆಸ್ತಿ. ಆದರೆ ಸಿಂಥೆಟಿಕ್ ಟ್ರ್ಯಾಕ್ ಇದ್ದ ಮಾತ್ರಕ್ಕೆ ಅಂತರರಾಷ್ಟ್ರೀಯ ಕೂಟ ಆಗಲ್ಲ. ಅಳತೆಗೆ ಸರ್ಟಿಫಿಕೇಟ್ ಬೇಕು. ಮೊದಲ ಲೇನ್ ಅಳೆಯೋದು ಒಳಗಿನ ಅಂಚುಗಟ್ಟಿನಿಂದ 30 ಸೆಂಟಿಮೀಟರ್ ಆಚೆಗೆ, ಉಳಿದ ಲೇನ್‌ಗಳು ಗೆರೆಯಿಂದ 20 ಸೆಂಟಿಮೀಟರ್ ಆಚೆಗೆ, ಅಷ್ಟು ಸೂಕ್ಷ್ಮ. ವಾರ್ಮ್‌ಅಪ್‌ಗೆ ಹತ್ತಿರದಲ್ಲೇ ಇನ್ನೊಂದು ಟ್ರ್ಯಾಕ್ ಬೇಕು, ಅಲ್ಲಿಂದ ಕಾಲ್ ರೂಮ್‌ಗೆ (ಸ್ಪರ್ಧೆಗೆ ಮುಂಚೆ ಆಟಗಾರರನ್ನ ಕರೆದು ಸೇರಿಸೋ ಕೋಣೆ) ನಡೆದು ಬರೋ ದಾರಿ ಬೇಕು, ಆ ದಾರೀಲಿ ಜನ ಅಡ್ಡ ಬರಬಾರದು. ಡೋಪಿಂಗ್ ಪರೀಕ್ಷೆಗೆ ಪ್ರತ್ಯೇಕ ಕೋಣೆ ಬೇಕು. ಕಾಯೋಕೆ ಜಾಗ, ಸೀಲ್ ಒಡೆಯದ ನೀರಿನ ಬಾಟಲಿ, ಒಳಗೇ ಶೌಚಾಲಯ. ಮಗು ಮೂತ್ರ ಕೊಡುವಾಗ ಒಬ್ಬ ಅಧಿಕಾರಿ ಎದುರಿಗೇ ನಿಂತಿರ್ತಾರೆ, ಹುಡುಗಿಗೆ ಹೆಂಗಸೇ ಆಗಬೇಕು. ಆ ಶೌಚಾಲಯ ಇಬ್ಬರು ನಿಲ್ಲುವಷ್ಟು ಅಗಲ ಇರಬೇಕು. ಇಂಥದ್ದನ್ನ ನಕ್ಷೆಯಲ್ಲೇ ಹಾಕದಿದ್ದರೆ ಆಮೇಲೆ ಗೋಡೆ ಒಡೀಬೇಕಾಗುತ್ತೆ.

ಇವತ್ತಿನ ಒಳ್ಳೆ ಮಾತು ಮೇಷ್ಟ್ರದ್ದೇ. ಕೂಟ ಯಾವ ತಿಂಗಳಲ್ಲಿ ಅನ್ನೋ ಕಾಲಂನಲ್ಲಿ ಯಾರೋ ಜುಲೈ–ಆಗಸ್ಟ್ ಅಂತ ಬರೆದಿದ್ದರು. ಹೊರದೇಶದ ಮಕ್ಕಳಿಗೆ ರಜೆ ಅಂತ. ಮೇಷ್ಟ್ರು ಕನ್ನಡಕ ತೆಗೆದಿಟ್ಟು, "ಆಷಾಢದ ಗಾಳೀಲಿ ನೂರು ಮೀಟರ್ ಓಡಿಸ್ತೀಯೇನಮ್ಮ?" ಅಂದರು. ನಿಜ ಅಲ್ವಾ. ನೂರು ಮೀಟರ್ ಓಟಕ್ಕೆ ಫಿನಿಶ್‌ನಿಂದ 50 ಮೀಟರ್ ದೂರದಲ್ಲಿ, ಟ್ರ್ಯಾಕ್ ಪಕ್ಕ, 1.22 ಮೀಟರ್ ಎತ್ತರಕ್ಕೆ ಗಾಳಿ ಅಳೆಯೋ ಉಪಕರಣ ಇಡ್ತಾರೆ. ಹಿಂದಿನಿಂದ ಬೀಸೋ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಓಡಿದವಳಿಗೆ ಪದಕ ಸಿಗಬಹುದು, ಆದರೆ ಆ ಟೈಮ್ ದಾಖಲೆಗೆ ಬರಲ್ಲ. ಹದಿನಾರು ವರ್ಷದ ಹುಡುಗಿ ಜೀವನದ ಅತಿ ಒಳ್ಳೆ ಓಟ ಓಡಿ, ಗಾಳಿಯಿಂದ ಅದು ಲೆಕ್ಕಕ್ಕಿಲ್ಲ ಅಂತಾದರೆ? ಕಾಲಂ ಅಳಿಸಿ ನವೆಂಬರ್ ಕೊನೆ, ಡಿಸೆಂಬರ್ ಅಂತ ಬರೆದೆವು. ಮಳೆ ಹೆಚ್ಚು ಕಮ್ಮಿ ನಿಂತಿರುತ್ತೆ, ಗಾಳಿ ತಗ್ಗಿರುತ್ತೆ. ಎತ್ತರದ ಚಿಂತೆ ಇಲ್ಲ. ಸಾವಿರ ಮೀಟರ್ ದಾಟಿದ ಜಾಗದಲ್ಲಿ ಮಾಡಿದ ದಾಖಲೆಗೆ ಬೇರೆ ಗುರುತು ಹಾಕ್ತಾರೆ, ನಮ್ಮ ಊರು ಅದಕ್ಕಿಂತ ಕೆಳಗಿದೆ.

ಊಟದ ವಿಷಯಕ್ಕೆ ಯಾರೋ ಸಿದ್ಧಗಂಗಾ ಮಠದ ಹೆಸರು ತೆಗೆದರು. ದಿನವೂ ಸಾವಿರಾರು ಮಕ್ಕಳಿಗೆ ದಾಸೋಹ ನಡೆಸೋ ಊರು ಅನ್ನೋದು ನಮಗೆಲ್ಲ ಹೆಮ್ಮೆ, ಒಪ್ಪಿದೆ. ಆದರೆ ಆಟಗಾರರ ಊಟದಲ್ಲಿ ಮಾಂಸ, ಮೊಟ್ಟೆ, ಹಲಾಲ್, ಕಡಲೆಕಾಯಿ ಅಲರ್ಜಿ ಎಲ್ಲ ಬರುತ್ತೆ. ಅದಕ್ಕೆ ಬೇರೆ ಅಡುಗೆಮನೆಯೇ ಬೇಕು. ಜಾತ್ರೆಯಲ್ಲಿ ಜನ ನಿಭಾಯಿಸಿದ ಸ್ವಯಂಸೇವಕರು ನಮಗೆ ಬೇಕಾದವರು, ಅವರನ್ನ ಕೇಳೋಣ ಅಂದೆ.

ನನಗೆ ಎಲ್ಲಕ್ಕಿಂತ ಮುಖ್ಯವಾದ ಪುಟ ಮಧ್ಯಾಹ್ನ ಬರೆದೆ. ಕೂಟ ಮುಗಿದ ಮಾರನೇ ದಿನದ ಪುಟ. ಇದನ್ನ ಫೈಲಿನ ಕೊನೆಗೆ ಇಡೋದು ವಾಡಿಕೆ, ನಾನು ಮೊದಲಿಗೇ ಇಡ್ತೀನಿ ಅಂತ ಹೇಳಿದ್ದೇನೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕೋರಮಂಗಲದಲ್ಲಿ ಕಟ್ಟಿದ ಮನೆಗಳಲ್ಲಿ ಇವತ್ತಿಗೂ ಜನ ಸಂಸಾರ ಮಾಡ್ತಿದ್ದಾರೆ. ನಮ್ಮ ಕ್ರೀಡಾಗ್ರಾಮ ಹೆಣ್ಣುಮಕ್ಕಳ ಹಾಸ್ಟೆಲ್ ಆಗಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಿಂದ ಓದೋಕೆ ಬರೋ ಹುಡುಗಿಯರಿಗೆ ಇರೋಕೆ ಜಾಗ ಸಿಗದೆ, ಪಿ.ಯು.ಸಿ. ಮುಗಿದ ಮೇಲೆ ಆಟವನ್ನೇ ಬಿಟ್ಟವರನ್ನ ನಾನು ನನ್ನ ಶಾಲೆಯಲ್ಲೇ ನೋಡಿದ್ದೇನೆ. ಕೂಟದ ಹತ್ತಿಪ್ಪತ್ತು ದಿನಕ್ಕೆ ಒಂದು ಕೋಣೆಗೆ ಇಬ್ಬರು, ಆಮೇಲೆ ಮೂವರು. ಹಾಗಂತ ಮೊದಲೇ ನಕ್ಷೆ ಹಾಕಬೇಕು, ಯಾವ ಇಲಾಖೆ ನಡೆಸುತ್ತೆ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ವಾರ್ಮ್‌ಅಪ್ ಟ್ರ್ಯಾಕಿನ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತೆ ಅನ್ನೋವರೆಗೆ ಬರೆದಿದ್ದೇನೆ. ಬೆಳಗ್ಗೆ ಐದೂವರೆಗೆ ಓಡೋಕೆ ಬರೋ ಮಕ್ಕಳಿಗೆ ಗೇಟ್ ತೆಗೆದಿರಬೇಕು. ಈ ಒಂದು ಸಾಲನ್ನು ಯಾರು ಕೇಳಿದರೂ ನಾನು ತೆಗೆಯಲ್ಲ.

ಇದಕ್ಕೆ ಸರ್ಕಾರ ಒಪ್ಪದಿದ್ದರೆ ಬಿಡ್ ಬೇಡ ಅನ್ನೋ ವಾಕ್ಯವನ್ನೂ ಸೇರಿಸಿದ್ದೆ. ಮೇಷ್ಟ್ರಿಗೆ ಅದು ಜಾಸ್ತಿ ಆಯ್ತು ಅನ್ನಿಸಿತು. "ಕೇಳೋಕೆ ಮುಂಚೆನೇ ಬೇಡ ಅಂತೀಯಲ್ಲಮ್ಮ" ಅಂದರು. ನಮ್ಮ ಗುಂಪಿನ ಎಂಜಿನಿಯರ್ ಹುಡುಗ ನನ್ನ ಕಡೆ. ಮುಂದಿನ ಭಾನುವಾರ ಅದೊಂದನ್ನೇ ಕೂತು ಚರ್ಚೆ ಮಾಡ್ತೀವಿ.

ಅಷ್ಟರೊಳಗೆ ಎರಡು ಕೆಲಸ ಇದೆ. ಕ್ರೀಡಾಂಗಣದ ಹತ್ತಿರ ನಡೆದು ಹೋಗುವಷ್ಟು ದೂರದಲ್ಲಿ 400 ಮೀಟರ್ ಟ್ರ್ಯಾಕ್ ಹಿಡಿಸೋ ಜಾಗ ಯಾವ ಶಾಲೆ, ಕಾಲೇಜಿನಲ್ಲಿದೆ ಅಂತ ಪಟ್ಟಿ ಮಾಡಬೇಕು. ಕೋಲಾರ ಪೇಟೆಯಲ್ಲಿ ಗಟ್ಟಿ ನೆಲದ, ಎ.ಸಿ. ಹಾಕಿಸಬಹುದಾದ, ಐನೂರು ಜನ ಕೂರೋ ಹಾಲ್ ಹುಡುಕಬೇಕು. ಕೋಲಾರದ ಕಡೆಯವರು ಯಾರಾದರೂ ಇದನ್ನ ಓದ್ತಿದ್ದರೆ, ನಿಮಗೆ ಗೊತ್ತಿರೋ ಹಾಲ್ ಹೆಸರು ತಿಳಿಸಿ. ಕಲ್ಯಾಣ ಮಂಟಪ ಆದರೂ ಪರವಾಗಿಲ್ಲ, ನೆಲ ಕೆಳಗೆ ಟೊಳ್ಳಿರಬಾರದು ಅಷ್ಟೇ.