ಹೌದು, ಮೀನೂಟ ಇತ್ತು

ಇತ್ತು. ಮೂರೂ ದಿನ ಮಧ್ಯಾಹ್ನ ಇತ್ತು. ಎರಡನೇ ದಿನ ರಾತ್ರಿಯೂ ಇತ್ತು. ಇನ್ನೇನು ಕೇಳಬೇಕು?

ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಳೆದ ನವೆಂಬರಿನಲ್ಲಿ ಪಣಜಿಯಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸಮುದ್ರ ಬರಿದಾಗದ ಹಾಗೆ ಮೀನು ಹಿಡಿಯುವುದು, ಮಾರುವುದು, ತಿನ್ನುವುದು ಹೇಗೆ ಅಂತ ಮಾತಾಡೋಕೆ ಇನ್ನೂರು ಜನ ಬಂದಿದ್ದರು. ಅವರ ರೂಮು, ಊಟ, ಗಾಡಿ ಎಲ್ಲಾ ನೋಡಿಕೊಂಡವಳು ನಾನು. ಆವತ್ತಿನಿಂದ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: “ಮೀನು ಉಳಿಸೋ ಸಮ್ಮೇಳನದಲ್ಲಿ ಮೀನೇ ತಿಂದ್ರಂತೆ, ಹೌದಾ?”

ಕನ್ನಡ ಸಂಘದ ಯುಗಾದಿ ಊಟದಲ್ಲಿ ಮೂರು ಜನ ಕೇಳಿದರು, ಅದರಲ್ಲಿ ಇಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ. ನಮ್ಮ ಬಿಲ್ಡಿಂಗಿನ ಧಾರವಾಡದ ಕಾಕಾ, ಮೊಟ್ಟೆ ಕಂಡರೂ ಮೂಗು ಮುಚ್ಚುವವರು, ಲಿಫ್ಟಿನಲ್ಲಿ ಹಿಡಿದರು. “ಏನವಾ ತಂಗಿ, ಮೀನಾ ಉಳಸೂ ಸಭಾದಾಗ ಮೀನಾ ತಿಂದ್ರಂತ, ಖರೇನ?” ಕೇಳಿ, ನಾಲ್ಕನೇ ಮಾಳಿಗೆ ಬರೋವರೆಗೂ ಒಬ್ಬರೇ ನಕ್ಕರು.

ನನಗೆ ಮೈ ಉರಿಯುವುದು ಆ ‘ಅಂತೆ’ಗೆ. ಕದ್ದು ತಿಂದು ಸಿಕ್ಕಿಬಿದ್ದವಳನ್ನು ವಿಚಾರಿಸುವ ಹಾಗೆ. ಭತ್ತದ ಸಮ್ಮೇಳನದಲ್ಲಿ ಅನ್ನ ಬಡಿಸಲ್ವಾ? ಮೀನು ತಿನ್ನಬೇಡಿ ಅಂತ ಹೇಳೋಕೆ ಯಾರೂ ವಿಮಾನ ಹತ್ತಿ ಬರಬೇಕಿರಲಿಲ್ಲ, ಒಂದು ವಾಟ್ಸಾಪ್ ಮೆಸೇಜ್ ಸಾಕಿತ್ತು. ನಮ್ಮ ಗೋವಾ, ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲರ್‌ಗಳು, ಅಂದರೆ ದೊಡ್ಡ ಬಲೆ ಎಳೆಯುವ ಯಂತ್ರದ ದೋಣಿಗಳು, ದಡದಲ್ಲೇ ಇರಬೇಕು. ಮೀನು ಮೊಟ್ಟೆ ಇಡಲಿ, ಆಗಸ್ಟಿನಿಂದ ಮತ್ತೆ ಹಿಡಿಯೋಣ, ತಿನ್ನೋಣ ಅಂತಲೇ ಆ ರಜೆ. ಕೇರಳದ ಕೊಲ್ಲಂ ಹತ್ತಿರ ಅಷ್ಟಮುಡಿ ಹಿನ್ನೀರಿದೆ. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಚಿಪ್ಪು ಬಾಚುವಂತಿಲ್ಲ. ಅದು ಅವು ಮರಿ ಮಾಡುವ ಕಾಲ. ಹೀಗೆ ಕಾಯ್ದುಕೊಂಡಿದ್ದಕ್ಕೆ 2014ರಲ್ಲಿ ಆ ಚಿಪ್ಪಿಗೆ ಎಂಎಸ್‌ಸಿ ಸರ್ಟಿಫಿಕೇಟ್ (ಸಮುದ್ರ ಬರಿದಾಗದ ಹಾಗೆ ಹಿಡಿದದ್ದು ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಕೊಡುವ ಮುದ್ರೆ) ಸಿಕ್ಕಿತು, ಭಾರತದಲ್ಲಿ ಮೊದಲನೆಯದು. ಉಳಿದ ತಿಂಗಳು ಅಲ್ಲಿಯವರು ಬಾಚುತ್ತಾರೆ, ತಿನ್ನುತ್ತಾರೆ, ಮಾರುತ್ತಾರೆ. ಸಮ್ಮೇಳನದಲ್ಲಿ ನಾನೂ ಚಿಪ್ಪಿನ ಪಲ್ಯ, ತಿಸ್ರೆ ಸುಕ್ಕೆ, ಮಾಡಿಸಿದ್ದೆ. ನಮ್ಮ ಅಂಕೋಲಾ ಕಡೆ ಬಳಚು ಅನ್ನುತ್ತೇವಲ್ಲ, ಅದೇ. ಮೊದಲು ಖಾಲಿಯಾಗಿದ್ದೂ ಅದೇ ಪಾತ್ರೆ.

ಸರಿ, ಉತ್ತರ ಮುಗಿಯಿತು. ಆದರೆ ನಾನು ಕಾಯುತ್ತಿರುವ ಪ್ರಶ್ನೆ ಬೇರೆ ಇದೆ. ‘ಬಡಿಸಿದ ಮೀನು ಎಷ್ಟು ಉದ್ದ ಇತ್ತು?’ ಒಬ್ಬರೂ ಕೇಳಿಲ್ಲ.

ಸೆಪ್ಟೆಂಬರಿನಲ್ಲಿ ಹೋಟೆಲಿನವರು ರುಚಿ ನೋಡೋಕೆ ಕರೆದಿದ್ದರು. ಮೊದಲು ನಾರ್ವೆಯ ಸಾಲ್ಮನ್ ಅಂದರು. ಗೋವಾಕ್ಕೆ ಬಂದವರಿಗೆ ನಾರ್ವೆ ಮೀನಾ, ಬೇಡ ಅಂದೆ. ಆಮೇಲೆ ತಂದಿಟ್ಟಿದ್ದು ಇಸ್ವಾಣ (ಮಂಗಳೂರು ಕಡೆಯ ಅಂಜಲ್), ತಟ್ಟೆಗೆ ಒಂದರಂತೆ, ಇಡೀ ಮೀನು. ಇಡೀ ಇಸ್ವಾಣ! ಬೆಳೆದರೆ ಒಂದು ಮೀಟರ್ ದಾಟುವ ಮೀನು ಅದು. ನಮ್ಮಮ್ಮ ತುಂಡು ಲೆಕ್ಕದಲ್ಲಿ ತರುತ್ತಿದ್ದಳು, ಅದೂ ನೆಂಟರು ಬಂದರೆ. ಇದು ನನ್ನ ಅಂಗೈಗಿಂತ ಎರಡು ಬೆರಳು ಉದ್ದ ಇತ್ತು ಅಷ್ಟೇ, ಇನ್ನೂ ಒಂದು ಸಲವೂ ಮೊಟ್ಟೆ ಇಡದ ಮರಿ. ರವೆ ಹಚ್ಚಿ ಹುರಿದಿದ್ದರು, ಬಾಲ ಹಪ್ಪಳದ ಹಾಗೆ ಗರಿಗರಿ, ಬಾಯಿ ಅರ್ಧ ತೆರೆದಿತ್ತು. “ಇನ್ನೂರು ಪ್ಲೇಟಿಗೂ ಒಂದೇ ಸೈಜ್ ಬರುತ್ತೆ ಮೇಡಂ, ಫೋಟೊ ಸೂಪರ್ ಇರುತ್ತೆ” ಅಂದರು ಶೆಫ್. ಅವರ ತಪ್ಪಲ್ಲ, ಮದುವೆಯವರೆಲ್ಲ ಅದನ್ನೇ ಕೇಳುತ್ತಾರಂತೆ. ಸಮುದ್ರದಲ್ಲಿ ಒಂದೇ ಅಳತೆಯ ಇನ್ನೂರು ದೊಡ್ಡ ಮೀನು ಒಟ್ಟಿಗೆ ಸಿಗೋದು ಕಷ್ಟ. ಮರಿ ಆದರೆ ಸಲೀಸು, ಒಂದೇ ಬಲೆಗೆ ರಾಶಿ ಬೀಳುತ್ತವೆ.

ತಿಂದೆಯಾ ಅಂತ ಕೇಳಿ. ಅರ್ಧ ತಿಂದೆ. ರುಚಿಯಾಗಿತ್ತು, ಅದೇ ಸಮಸ್ಯೆ.

ಕೊನೆಗೆ ಬಂಗಡೆ ಅಂತ ಹಟ ಹಿಡಿದೆ. ಬಂಗಡೆಗೂ ಒಂದು ಲೆಕ್ಕ ಇದೆ. ಕೇರಳ 2015ರಲ್ಲೇ ನಿಯಮ ಮಾಡಿತು, ಬಂಗಡೆ 14 ಸೆಂಟಿಮೀಟರಿಗಿಂತ, ತಾರ್ಲೆ (ಬೂತಾಯಿ) 10 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ ಅಂತ. ನಾನು ಮಗನ ಕಂಪಾಸ್ ಬಾಕ್ಸಿನಿಂದ 15 ಸೆಂಟಿಮೀಟರ್ ಸ್ಕೇಲ್ ತೆಗೆದುಕೊಂಡು ಬೆಳಗಿನ ಜಾವ ಮಾಲಿಂ ಜೆಟ್ಟಿಗೆ ಹೋದೆ, ಪಣಜಿಯಿಂದ ಮಾಂಡೋವಿ ದಾಟಿದರೆ ಸಿಗುತ್ತದಲ್ಲ, ಅಲ್ಲಿಗೆ. ಸ್ಕೇಲ್ ದಾಟಿದ ಮೀನು ಪಾಸ್, ದಾಟದಿದ್ದರೆ ಫೇಲ್. ಬುಟ್ಟಿ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅಳೆಯುತ್ತಿದ್ದರೆ ಮೀನು ಮಾರುವ ಹೆಂಗಸು ಪಕ್ಕದವಳನ್ನು ಕರೆದು ತೋರಿಸಿ ಕೊಂಕಣಿಯಲ್ಲಿ ಕೇಳಿದಳು, “ಏನು ಬಾಯೆ, ಮೀನಿಗೆ ಚೋಳಿ ಹೊಲಿಸ್ತೀಯಾ?” ಇಡೀ ಸಾಲು ನಕ್ಕಿತು. ಧಾರವಾಡದ ಕಾಕಾನ ನಗು ಇದರ ಮುಂದೆ ಏನೂ ಅಲ್ಲ.

ಅಲ್ಲೇ ಟ್ರಾಲರಿನಿಂದ ಕ್ರೇಟ್ ಇಳಿಸುತ್ತಿದ್ದ ಹುಡುಗರು ಒಡಿಶಾದವರು, ಜಾರ್ಖಂಡಿನವರು. ಬರಿಗಾಲು, ಐಸ್ ನೀರಿನಲ್ಲಿ ಬೆರಳು ಬೆಳ್ಳಗಾಗಿದ್ದವು. ಸಮ್ಮೇಳನದ ಮೂರು ದಿನವೂ ವೇದಿಕೆ ಮೇಲೆ ಮೀನುಗಾರರು, ಮೀನುಗಾರರು ಅಂತ ಮಾತು. ಈ ಹುಡುಗರಲ್ಲಿ ಒಬ್ಬರೂ ಬರಲಿಲ್ಲ, ಆ ಹೆಂಗಸೂ ಬರಲಿಲ್ಲ. ಯಾಕೆ ಅಂತ ಯಾರೂ ಕೇಳಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಆಹ್ವಾನದ ಪಟ್ಟಿ ಟೈಪ್ ಮಾಡಿದ್ದೂ ನಾನೇ. ಊಟದ ಬಗ್ಗೆ ಇಷ್ಟು ಜೋರಾಗಿ ಜಗಳ ಆಡಿದವಳು ಆ ಪಟ್ಟಿ ನೋಡಿ ಸುಮ್ನೆ ಇದ್ದೆ.

ಊಟದ ದಿನ ರೆಶಾದ್, ಅಂದರೆ ಗೋವಾದ ಕೆಂಪು ಮಸಾಲೆ, ತುಂಬಿದ ಬಂಗಡೆ ಬಂತು, ಒಂದೊಂದು ಒಂದೊಂದು ಅಳತೆಯದು. ಫೋಟೊ ಸೂಪರ್ ಬರಲಿಲ್ಲ. ಸಮುದ್ರ ವಿಜ್ಞಾನಿಯೊಬ್ಬರು ಪಕ್ಕದವರ ಮೀನು ದೊಡ್ಡದು ಅಂತ ನಗುತ್ತಲೇ ತಟ್ಟೆ ಬದಲಿಸಿಕೊಂಡರು, ನಾನು ಕಣ್ಣಾರೆ ನೋಡಿದೆ.

ಆ ಸ್ಕೇಲನ್ನು ಸೋಪು, ನಿಂಬೆಹಣ್ಣು ಎಲ್ಲಾ ಹಚ್ಚಿ ಮೂರು ಸಲ ತೊಳೆದೆ. ಮಗ ಮೂಸಿ ನೋಡಿ ವಾಪಸ್ ಕೊಟ್ಟ. ಅವನಿಗೆ ಹೊಸದು ಕೊಡಿಸಿದ್ದೇನೆ, ಹಳೆಯದು ನನ್ನ ಬ್ಯಾಗಿನಲ್ಲೇ ಇದೆ.